ಸರ್ವಿಸ್ ಆದ ಮೇಲೆ ಹತ್ತಿದ ಎಂಜಿನ್ ದೀಪ: ಅಳಿಸಿ ಕಳಿಸಬೇಡಿ, ಕಾರಣ ಬರೆದುಕೊಡಿ

ಮಾನ್ಯ ಸಂಪಾದಕರೇ,

ಶಿವಮೊಗ್ಗದ ಕಾರ್ ಸರ್ವಿಸ್ ಸೆಂಟರಿನವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕಾಗಿದೆ. ಸರ್ವಿಸ್ ಮಾಡಿಸಿಕೊಂಡು ಹೋದ ಗಾಡಿಯಲ್ಲಿ ಎಂಜಿನ್ ದೀಪ ಹತ್ತಿ ಗಿರಾಕಿ ವಾಪಸ್ ಬಂದರೆ, ದಯವಿಟ್ಟು ಸ್ಕ್ಯಾನರ್ ಸಿಕ್ಕಿಸಿ ದೀಪ ಅಳಿಸಿ ಕಳಿಸಬೇಡಿ. ಯಾವ ಕೋಡ್ (ದೋಷಕ್ಕೆ ಕಾರಿನ ಕಂಪ್ಯೂಟರ್ ಕೊಡುವ ಗುರುತಿನ ಸಂಖ್ಯೆ) ಬಂದಿತ್ತು, ಏನು ಕಾರಣ ಸಿಕ್ಕಿತು, ಏನು ಸರಿ ಮಾಡಿದಿರಿ ಅನ್ನುವುದನ್ನು ಜಾಬ್ ಕಾರ್ಡಿನ ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ. ಕಾರಣ ಸಿಗಲಿಲ್ಲ ಅಂದರೆ ಸಿಗಲಿಲ್ಲ ಅಂತಲೇ ಬರೆಯಿರಿ. ನಾನು ಕೇಳುತ್ತಿರುವುದು ಇಷ್ಟೇ.

ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಮನೆ ಇರುವುದು ಗುಡ್ಡೇಕೇರಿಯಿಂದ ಒಳಗೆ, ತೋಟದ ನಡುವೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ನಮ್ಮನೆಯವರಿಗೆ ಹೃದಯದ ತೊಂದರೆ ಇದೆ, ಸ್ಟೆಂಟ್ ಹಾಕಿದ್ದಾರೆ. ತಪಾಸಣೆಗೆ ಶಿವಮೊಗ್ಗಕ್ಕೆ ಹೋಗಬೇಕು. ರಾತ್ರಿ ಹೊತ್ತು ಏನಾದರೂ ಆದರೆ ಆಗುಂಬೆ ಘಾಟಿ ಇಳಿದು ಮಣಿಪಾಲ ಸೇರಬೇಕು. ಎರಡೂ ದಿಕ್ಕಿಗೆ ಸ್ಟಿಯರಿಂಗ್ ಹಿಡಿಯುವವಳು ನಾನೇ. ಪೇಟೆಯಲ್ಲಿ ಕಾರು ಕೈಕೊಟ್ಟರೆ ಆಟೋಗೆ ಕೈ ತೋರಿಸಬಹುದು. ನಮ್ಮ ಕಡೆ ಮೊಬೈಲ್ ಸಿಗ್ನಲ್ಲೇ ಸಿಗದ ತಿರುವುಗಳು ಎಷ್ಟೋ ಇವೆ. ಮಳೆಗಾಲದಲ್ಲಿ ಸಂಜೆ ಆರಕ್ಕೇ ಕತ್ತಲು ಕವಿದು, ಒಂದೊಂದು ಸಲ ಅರ್ಧ ಗಂಟೆಯಾದರೂ ಎದುರಿಗೆ ಒಂದು ಗಾಡಿ ಬರುವುದಿಲ್ಲ. ಹಾಗಾಗಿ ಡ್ಯಾಶ್‌ಬೋರ್ಡಿನ ಒಂದು ಪುಟ್ಟ ದೀಪ ನಮಗೆ ಪುಟ್ಟ ವಿಷಯ ಅಲ್ಲ.

ಮಳೆ ಹಿಡಿಯುವ ಮೊದಲು ಗಾಡಿ ಸರ್ವಿಸ್ ಮಾಡಿಸಿ ಇಟ್ಟುಕೊಳ್ಳುವುದು ಮಲೆನಾಡಿನಲ್ಲಿ ಎಲ್ಲರ ರೂಢಿ. ಈ ಸಲವೂ ಮಾಡಿಸಿದೆ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಕ್ಲೀನಿಂಗ್, ವೈಪರ್ ಬ್ಲೇಡ್. ಶಿವಮೊಗ್ಗದ ಒಂದು ಸರ್ವಿಸ್ ಸೆಂಟರಿನಲ್ಲಿ. ಹೆಸರು ಬೇಡ. ಇದೇ ಅನುಭವ ಬೇರೆ ಬೇರೆ ಕಡೆ ಆದವರು ನಮ್ಮ ನೆಂಟರಲ್ಲೇ ಇದ್ದಾರೆ. ಗಾಡಿ ತೊಳೆದು, ಮಿರಮಿರ ಮಿಂಚಿಸಿ ಕೊಟ್ಟರು. ಮನೆಯವರೆಗೆ ಏನೂ ತೊಂದರೆ ಇರಲಿಲ್ಲ. ಕೆಲವು ದಿನ ಬಿಟ್ಟು ಇವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ, ಮಂಡಗದ್ದೆ ದಾಟುತ್ತಿದ್ದ ಹಾಗೆ ಎಂಜಿನ್ ಆಕಾರದ ಹಳದಿ ದೀಪ ಹತ್ತಿತು. ಆರಲಿಲ್ಲ.

ರಸ್ತೆ ಪಕ್ಕ ನಿಲ್ಲಿಸಿದೆ. ಬಿಸಿ ಮುಳ್ಳು ಎಂದಿನ ಜಾಗದಲ್ಲೇ ಇತ್ತು. ಕೆಂಪು ದೀಪ ಯಾವುದೂ ಇರಲಿಲ್ಲ. ಕೆಳಗೆ ಏನೂ ಸೋರುತ್ತಿರಲಿಲ್ಲ. ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಸರಿ ಇತ್ತು. ದೀಪ ಮಿಣುಕುತ್ತಿರಲಿಲ್ಲ, ಒಂದೇ ಸಮನೆ ಉರಿಯುತ್ತಿತ್ತು. ಹಾಗಿದ್ದಾಗ ನಿಧಾನವಾಗಿ, ಜಾಸ್ತಿ ಆಕ್ಸಿಲೇಟರ್ ಒತ್ತದೆ ಹೋಗಬಹುದು ಅಂತ ಕಾರಿನ ಪುಸ್ತಕದಲ್ಲೇ ಇದೆ. ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗ ಸೇರಿದೆವು.

ಇದನ್ನು ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ದೀಪ ಹತ್ತಿದ ಕೂಡಲೇ ಕೆಲವರು ಹೆದರಿ ಟೋಯಿಂಗ್ ಗಾಡಿಗೆ ಫೋನ್ ಮಾಡುತ್ತಾರೆ. ಇನ್ನು ಕೆಲವರು ಅದರ ಮೇಲೆ ಸ್ಟಿಕ್ಕರ್ ಅಂಟಿಸಿ ತಿಂಗಳುಗಟ್ಟಲೆ ಓಡಿಸುತ್ತಾರೆ. ಎರಡೂ ಬೇಡ. ಬಣ್ಣ ನೋಡಬೇಕು. ಕೆಂಪು ಅಂದರೆ ನಿಲ್ಲಿಸಿ ಅಂತಲೇ ಅರ್ಥ. ಅದರಲ್ಲೂ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಬಂದರೆ ಇನ್ನು ಹತ್ತು ಮಾರು ಹೋಗೋಣ ಅನ್ನಬಾರದು, ತಕ್ಷಣ ಎಂಜಿನ್ ಆಫ್ ಮಾಡಬೇಕು. ಆಯಿಲ್ ಬದಲಿಸಿದ ಮೇಲೆ ಡ್ರೈನ್ ಬೋಲ್ಟೋ ಫಿಲ್ಟರೋ ಸಡಿಲ ಉಳಿದು ಆಯಿಲ್ ಸೋರಿದರೆ ಬರುವ ದೀಪ ಅದೇ. ಆಯಿಲ್ ಒತ್ತಡ ಇಲ್ಲದೆ ಓಡಿದರೆ ಕೆಲವೇ ನಿಮಿಷದಲ್ಲಿ ಎಂಜಿನ್ ಕೂತುಹೋಗಬಹುದು. ಹಳದಿ ಎಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಬೇಗ ತೋರಿಸಿ ಅಂತ ಅರ್ಥ. ಅದೇ ಹಳದಿ ದೀಪ ಮಿಣುಕತೊಡಗಿದರೆ ವಿಷಯ ಬೇರೆ. ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಹಾಗೇ ಸೈಲೆನ್ಸರ್ ಕಡೆ ಹೋಗುತ್ತಿದೆ, ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು ಅಂತ. ಆಗ ಆಕ್ಸಿಲೇಟರ್ ಬಿಟ್ಟು ವೇಗ ಇಳಿಸಬೇಕು, ಆದಷ್ಟು ಬೇಗ ನಿಲ್ಲಿಸಬೇಕು. ಸರ್ವಿಸಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸಿದ್ದರೆ, ಇಗ್ನಿಷನ್ ಕಾಯಿಲಿನ ಸಾಕೆಟ್ ಸರಿಯಾಗಿ ಕೂರದೆ ಹೀಗಾಗುವುದುಂಟು.

ಡಾಕ್ಟರನ್ನು ನೋಡಿ ಆದ ಮೇಲೆ ಸರ್ವಿಸ್ ಸೆಂಟರಿಗೆ ಹೋದೆವು. ಅಡ್ವೈಸರ್ ಹುಡುಗ ಒಳ್ಳೆಯವನು, ಕೂರಿಸಿ ನೀರು ಕೊಟ್ಟ. ಟೆಕ್ನಿಷಿಯನ್ ಸ್ಕ್ಯಾನರ್ ಸಿಕ್ಕಿಸಿದ. ಐದು ನಿಮಿಷ ಆಗಿರಲಿಲ್ಲ, "ಆಯ್ತು ಮೇಡಂ, ಕ್ಲಿಯರ್ ಆಗಿದೆ" ಅಂದ. ಏನಾಗಿತ್ತು ಅಂತ ಕೇಳಿದೆ. "ಸರ್ವಿಸ್ ಆದ ಮೇಲೆ ಒಂದೊಂದು ಸಲ ಬರುತ್ತೆ ಮೇಡಂ, ತಲೆ ಕೆಡಿಸ್ಕೋಬೇಡಿ." ಕೋಡ್ ಯಾವುದು ಅಂದರೆ, ಅಳಿಸಿ ಆಗಿದೆ, ಈಗ ಕಾಣಲ್ಲ ಅಂದ. "ನಮ್ಮಲ್ಲಿಂದ ಹೋಗುವಾಗ ಸರಿಯಾಗೇ ಇತ್ತಲ್ಲ" ಅಂತ ಅಡ್ವೈಸರೂ ಸೇರಿಸಿದ.

ಈ ಕೊನೆಯ ಮಾತು ಬಹಳ ಜನರಿಗೆ ಹೇಳುತ್ತಾರೆ, ಜನ ಒಪ್ಪಿಕೊಂಡು ಬರುತ್ತಾರೆ. ಒಪ್ಪಬೇಕಾಗಿಲ್ಲ. ಕಾರಿನ ಕಂಪ್ಯೂಟರ್ ತಪ್ಪು ಕಂಡ ಕೂಡಲೇ ದೀಪ ಹತ್ತಿಸುವುದಿಲ್ಲ. ಹೊಗೆಗೆ ಸಂಬಂಧಪಟ್ಟ ಎಷ್ಟೋ ದೋಷಗಳನ್ನು ಮೊದಲ ಓಟದಲ್ಲಿ (ಎಂಜಿನ್ ಸ್ಟಾರ್ಟ್ ಮಾಡಿ ಓಡಿಸಿ ಆಫ್ ಮಾಡುವವರೆಗೆ ಒಂದು ಓಟ) ಒಳಗೇ ಗುರುತು ಹಾಕಿಕೊಳ್ಳುತ್ತದೆ. ಮುಂದಿನ ಓಟದಲ್ಲೂ ಅದೇ ಕಂಡರೆ ಮಾತ್ರ ದೀಪ. ಒಂದು ದಿನದ ಏರುಪೇರಿಗೆಲ್ಲ ಚಾಲಕರನ್ನು ಗಾಬರಿಪಡಿಸಬಾರದು ಅಂತ ಆ ವ್ಯವಸ್ಥೆ ಮಾಡಿದ್ದಾರೆ. ಆದ್ದರಿಂದ ಸರ್ವಿಸಿನಲ್ಲಿ ಸಡಿಲ ಉಳಿದ ಪೈಪು ದೀಪವಾಗಿ ಕಾಣಿಸಲು ಎರಡು ಮೂರು ದಿನ ಹಿಡಿಯಬಹುದು. ಗೇಟು ದಾಟುವಾಗ ದೀಪ ಇರಲಿಲ್ಲ ಅನ್ನುವುದು ಕೆಲಸ ಸರಿಯಾಗಿತ್ತು ಅನ್ನುವುದಕ್ಕೆ ಸಾಕ್ಷಿ ಅಲ್ಲ.

ನಮ್ಮ ಗಾಡಿಯಲ್ಲೂ ಹಾಗೇ ಆಯಿತು. ಅಳಿಸಿದ ದೀಪ ಮತ್ತೆ ಕೆಲವು ದಿನ ಬಿಟ್ಟು ಮೇಗರವಳ್ಳಿ ಹತ್ತಿರ ಬಂತು. ಜೊತೆಗೆ ಏರಿನಲ್ಲಿ ಸಣ್ಣಗೆ ಜಗ್ಗುವುದು, ನಿಂತಲ್ಲಿ ಎಂಜಿನ್ ಮೇಲೆ ಕೆಳಗೆ ಆಗುವುದು ಶುರುವಾಗಿತ್ತು. ಫೋನ್ ಮಾಡಿದರೆ ಈ ಸಲ ಇ-20 ಪೆಟ್ರೋಲಿನ ಮೇಲೆ ಹಾಕಿದರು. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಕಂಪ್ಯೂಟರ್ ಸ್ವಲ್ಪ ಜಾಸ್ತಿ ಇಂಧನ ಬಿಡಬೇಕಾಗುತ್ತದೆ, ಅದು ನಿಜ. ಆದರೆ ಸರ್ವಿಸಿಗೆ ಮೊದಲೂ ಅದೇ ಬಂಕು, ಅದೇ ಪೆಟ್ರೋಲು. ಆಗ ಬಾರದ ದೀಪ ಏರ್ ಫಿಲ್ಟರ್ ಬದಲಿಸಿದ ಮೇಲೆ ಬಂದರೆ ಮೊದಲು ನೋಡಬೇಕಾದ್ದು ಯಾವುದನ್ನು? ಎಂಟನೇ ಕ್ಲಾಸಿನ ಮಕ್ಕಳಿಗೂ ಇದನ್ನೇ ಹೇಳಿಕೊಡುತ್ತಿದ್ದೆ. ಎಲ್ಲ ಮೊದಲಿನ ಹಾಗೇ ಇದ್ದು ಒಂದು ಮಾತ್ರ ಬದಲಾಗಿದ್ದರೆ, ಬದಲಾದ ಆ ಒಂದನ್ನು ಮೊದಲು ಪರೀಕ್ಷಿಸಬೇಕು.

ಮತ್ತೆ ಶಿವಮೊಗ್ಗಕ್ಕೆ ಹೋದೆ. ಗಾಳಿ ಅಳೆಯುವ ಸೆನ್ಸರ್ ಹೋಗಿದೆ, 9,000 ರೂಪಾಯಿ ಆಗುತ್ತೆ, ತರಿಸಬೇಕು ಅಂದರು. ತಪಾಸಣೆ ಮಾಡಿದ್ದಕ್ಕೆ ಏನಾದರೂ ಬರೆದುಕೊಡಿ ಅಂದೆ. ಎಸ್ಟಿಮೇಟ್ ಮಾತ್ರ ಕೊಟ್ಟರು. ಅದರಲ್ಲಿ ಸೆನ್ಸರಿನ ಬೆಲೆ ಇತ್ತು, ಕೋಡ್ ಇರಲಿಲ್ಲ.

ಅಲ್ಲಿಂದ ಬರುವಾಗ ತೀರ್ಥಹಳ್ಳಿಯಲ್ಲಿ ಒಬ್ಬ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದೆ. ಜಾಸ್ತಿ ಜೀಪು, ಪಿಕಪ್ ರಿಪೇರಿ ಮಾಡುವ ಜಾಗ. ಅವರು ಮೊದಲು ಬಾನೆಟ್ ತೆಗೆಯಲಿಲ್ಲ. ಸ್ಟಿಯರಿಂಗ್ ಕೆಳಗಿನ ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿ, ಬಂದದ್ದನ್ನು ಒಂದು ಚೀಟಿಯಲ್ಲಿ ಬರೆದರು: ಪಿ-0171. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುತ್ತಿಲ್ಲ ಅಂತ ಅದರ ಅರ್ಥ. ಎಂಜಿನ್ ಸ್ಟಾರ್ಟ್ ಮಾಡಿಸಿ ಪರದೆಯಲ್ಲಿ ಇನ್ನೊಂದು ಅಂಕಿ ತೋರಿಸಿದರು. "ನೋಡಿ ಅಮ್ಮಾ, ಪ್ಲಸ್ 24. ಕಂಪ್ಯೂಟರ್ ಲೆಕ್ಕಕ್ಕಿಂತ ಅಷ್ಟು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಬಿಡ್ತಾ ಇದೆ. ಎಲ್ಲೋ ಕಳ್ಳ ಗಾಳಿ ಎಳೀತಾ ಇದೆ."

ಆಮೇಲೆ ಬಾನೆಟ್ ಎತ್ತಿದರು. ನಮ್ಮ ಕಾರಿನಲ್ಲಿ ಗಾಳಿ ಅಳೆಯುವ ಸೆನ್ಸರ್ ಇರುವುದು ಏರ್ ಫಿಲ್ಟರ್ ಡಬ್ಬಿಯ ಬಾಯಲ್ಲೇ. ಅಲ್ಲಿಂದ ದಪ್ಪ ರಬ್ಬರ್ ಪೈಪೊಂದು ಎಂಜಿನ್ ಕಡೆ ಹೋಗುತ್ತದೆ. ಫಿಲ್ಟರ್ ಬದಲಿಸುವಾಗ ಡಬ್ಬಿ ಎತ್ತಲು ಆ ಪೈಪಿನ ಕ್ಲಾಂಪ್ ಸಡಿಲಿಸುತ್ತಾರೆ. ಮೇಲಿಂದ ನೋಡಿದರೆ ಪೈಪು ಸರಿಯಾಗೇ ಕೂತಿತ್ತು. ಅವರು ಕೈಯನ್ನು ಕೆಳಗೆ ತೂರಿಸಿ ಸುತ್ತ ಸವರಿದರು. "ಇಲ್ಲಿ ಮುಟ್ಟಿ" ಅಂದರು. ಮುಟ್ಟಿದೆ. ಅಡಿಭಾಗದಲ್ಲಿ ರಬ್ಬರಿನ ಅಂಚು ಒಳಕ್ಕೆ ಮಡಚಿಕೊಂಡು, ಬೆರಳ ತುದಿ ಹೋಗುವಷ್ಟು ಸಂದಿ ಇತ್ತು. ಕ್ಲಾಂಪು ಅಂಚಿನ ಮೇಲೆ ಅಡ್ಡಾದಿಡ್ಡಿ ಕಚ್ಚಿಕೊಂಡಿತ್ತು. ಕಿವಿಗೊಟ್ಟು ಕೇಳಿದರೆ ಸುಯ್ ಅನ್ನುವ ಸಣ್ಣ ಶಬ್ದವೂ ಇತ್ತು. ಎಂಜಿನ್ ಆಫ್ ಮಾಡಿ, ಪೈಪು ಪೂರ್ತಿ ಬಿಡಿಸಿ, ಅಂಚು ಒರೆಸಿ, ನೆಟ್ಟಗೆ ಕೂರಿಸಿ, ಸ್ಕ್ರೂಡ್ರೈವರಿನಲ್ಲಿ ಕ್ಲಾಂಪ್ ಬಿಗಿ ಮಾಡಿದರು. ಮತ್ತೆ ಸ್ಟಾರ್ಟ್ ಮಾಡಿದಾಗ ಶಬ್ದ ಹೋಗಿತ್ತು. ಪರದೆಯ ಅಂಕಿ ಇಳಿಯತೊಡಗಿತು. ಪೂರ್ತಿ ಇಳಿಯಲು ಒಂದೆರಡು ದಿನ ಓಡಿಸಬೇಕು, ಕಂಪ್ಯೂಟರ್ ನಿಧಾನವಾಗಿ ಕಲಿತುಕೊಳ್ಳುತ್ತೆ ಅಂದರು. ಕೋಡನ್ನು ಅವರೂ ಅಳಿಸಿದರು. ಆದರೆ ಬರೆದುಕೊಂಡು, ಕಾರಣ ಹುಡುಕಿ, ಸರಿ ಮಾಡಿ ಆದ ಮೇಲೆ. ಒಟ್ಟು 250 ರೂಪಾಯಿ ತೆಗೆದುಕೊಂಡರು. ದೀಪ ಮತ್ತೆ ಬಂದಿಲ್ಲ.

ಆ ಸಂದಿಯಿಂದ ಏನಾಗುತ್ತಿತ್ತು ಅನ್ನುವುದು ಕಷ್ಟದ ವಿಷಯವೇನಲ್ಲ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸೆನ್ಸರ್ ಗಾಳಿ ಅಳೆದು ಹೇಳುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಸೆನ್ಸರ್ ದಾಟಿದ ಮೇಲೆ ಸಂದಿಯಿಂದ ನುಗ್ಗಿದ ಗಾಳಿ ಲೆಕ್ಕಕ್ಕೇ ಸಿಗುವುದಿಲ್ಲ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಹಿಡಿಯುತ್ತದೆ. ಆಕ್ಸಿಜನ್ ಜಾಸ್ತಿ ಉಳಿದಿದೆ, ಪೆಟ್ರೋಲ್ ಸಾಲುತ್ತಿಲ್ಲ ಅನ್ನುತ್ತದೆ. ಕಂಪ್ಯೂಟರ್ ಪೆಟ್ರೋಲ್ ಏರಿಸುತ್ತಾ ಹೋಗಿ, ಇನ್ನು ತನ್ನ ಕೈಲಾಗದು ಅನ್ನುವ ಮಿತಿ ಮುಟ್ಟಿದಾಗ ದೀಪ ಹತ್ತಿಸುತ್ತದೆ. ಅಂದರೆ ಸೆನ್ಸರುಗಳು ಎಲ್ಲವೂ ತಮ್ಮ ಕೆಲಸ ಸರಿಯಾಗೇ ಮಾಡುತ್ತಿದ್ದವು. ಹಾಗೆ ಮಾಡುತ್ತಿದ್ದ ಸೆನ್ಸರನ್ನೇ ಬದಲಿಸಲು ಹೊರಟಿದ್ದರು.

ಇನ್ನೂ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಆ ಸಂದಿ ಇದ್ದದ್ದು ಫಿಲ್ಟರ್ ಆದ ಮೇಲೆ. ಅಲ್ಲಿಂದ ಹೋದ ಗಾಳಿ ಸೋಸದ ಗಾಳಿ. ನಮ್ಮ ಮನೆಯ ದಾರಿ ಮಣ್ಣಿನದು, ಮಳೆ ಬೀಳುವವರೆಗೆ ಕೆಂಪು ಧೂಳು ಎದ್ದು ಎಲೆಯ ಮೇಲೆಲ್ಲ ಕೂರುತ್ತದೆ. ಆ ಧೂಳು ಸೀದಾ ಎಂಜಿನ್ನಿಗೆ ಹೋದರೆ ಸಿಲಿಂಡರ್ ಗೋಡೆ ಸವೆಯುತ್ತದೆ. ಹೊಸ ಏರ್ ಫಿಲ್ಟರಿಗೆ ದುಡ್ಡು ಕೊಟ್ಟು ಧೂಳು ಕುಡಿಸಿದ ಹಾಗಾಯಿತಲ್ಲ. ಬರೀ ದೀಪ ಅಳಿಸುತ್ತಾ ಕೂತಿದ್ದರೆ ಇದು ವರ್ಷಗಟ್ಟಲೆ ನಡೆಯುತ್ತಿತ್ತು.

ಕೋಡ್ ಅಳಿಸುವುದು ಸಣ್ಣ ವಿಷಯ ಅಂತ ತಿಳಿದವರಿದ್ದಾರೆ. ದೀಪ ಹತ್ತಿದ ಆ ಹೊತ್ತಿನಲ್ಲಿ ಎಂಜಿನ್ ಎಷ್ಟು ವೇಗದಲ್ಲಿತ್ತು, ಎಷ್ಟು ಬಿಸಿಯಿತ್ತು, ಏರಿನಲ್ಲಿತ್ತೋ ಸಮತಟ್ಟಿನಲ್ಲಿತ್ತೋ ಅಂತ ತಿಳಿಯುವಷ್ಟು ಮಾಹಿತಿಯನ್ನು ಕಂಪ್ಯೂಟರ್ ಕೋಡಿನ ಜೊತೆಗೇ ಹಿಡಿದಿಡುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ದೀಪ ಹೋಗುತ್ತೆ ಅನ್ನುವ ಉಪಾಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಷ್ಟೋ ಗಾಡಿಗಳಲ್ಲಿ ಅದೂ ಇದೇ ಕೆಲಸ ಮಾಡುತ್ತದೆ. ಎದೆನೋವು ಅಂತ ಹೋದವರ ಇಸಿಜಿ ಹಾಳೆಯನ್ನು ಯಾರಿಗೂ ತೋರಿಸದೆ ಹರಿದು ಹಾಕಿ ಮನೆಗೆ ಕಳಿಸಿದರೆ ನಾವು ಸುಮ್ಮನಿರುತ್ತೇವೆಯೇ? ತೊಂದರೆ ನಿಜವಾಗಿ ಹೋಗಿದ್ದರೆ ಅಳಿಸುವ ಅಗತ್ಯವೂ ಇಲ್ಲ. ಸತತ ಮೂರು ಓಟದಲ್ಲಿ ದೋಷ ಕಾಣದಿದ್ದರೆ ಸಾಮಾನ್ಯವಾಗಿ ಎಂಜಿನ್ ದೀಪ ತಾನಾಗೇ ಆರುತ್ತದೆ.

ಎಲ್ಲ ದೀಪವನ್ನೂ ಅಳಿಸಬಾರದು ಅಂತ ನಾನು ಹೇಳುತ್ತಿಲ್ಲ. ಸ್ಪ್ಯಾನರ್ ಚಿತ್ರದ ದೀಪ ಎಷ್ಟೋ ಕಾರುಗಳಲ್ಲಿ ಬರೀ ಸರ್ವಿಸ್ ಸಮಯ ಆಯಿತು ಅಂತ ನೆನಪಿಸುವುದು. ಸರ್ವಿಸ್ ಆದ ಮೇಲೆ ಅದನ್ನು ರೀಸೆಟ್ ಮಾಡಲೇಬೇಕು. ಟಯರ್ ಅದಲುಬದಲು ಮಾಡಿ ಗಾಳಿ ತುಂಬಿಸಿದ ಮೇಲೆ ಕೆಲವು ಕಾರುಗಳಲ್ಲಿ ಟಯರ್ ಒತ್ತಡದ ದೀಪವನ್ನೂ ಹೊಸದಾಗಿ ಹೊಂದಿಸಬೇಕು. ಇವನ್ನು ರೀಸೆಟ್ ಮಾಡುವ ಕೈ ರೂಢಿಯಲ್ಲೇ ಎಂಜಿನ್ ದೀಪವನ್ನೂ ರೀಸೆಟ್ ಮಾಡುತ್ತದೆ. ತೊಂದರೆ ಅಲ್ಲಿರುವುದು.

ಎಬಿಎಸ್ ದೀಪದ ಬಗ್ಗೆ ಘಾಟಿಯವರು ಸ್ವಲ್ಪ ಹೆಚ್ಚೇ ಎಚ್ಚರ ಇಟ್ಟುಕೊಳ್ಳಬೇಕು. ಬ್ರೇಕ್ ಕ್ಲೀನ್ ಮಾಡಲು ಚಕ್ರ ಬಿಚ್ಚುತ್ತಾರೆ. ಅಲ್ಲೇ ಒಂದು ತೆಳ್ಳನೆ ವೈರು ಚಕ್ರದ ವೇಗ ಓದುವ ಸೆನ್ಸರಿಗೆ ಹೋಗಿರುತ್ತದೆ. ಎಳೆದಾಡಿದರೆ, ಕ್ಲಿಪ್ಪಿಗೆ ವಾಪಸ್ ಸಿಕ್ಕಿಸದಿದ್ದರೆ ಹಳದಿ ಎಬಿಎಸ್ ದೀಪ ಬರುತ್ತದೆ. ಮಾಮೂಲಿ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಿ ಜಾರದಂತೆ ತಡೆಯುವ ವ್ಯವಸ್ಥೆ ಇರುವುದಿಲ್ಲ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಜುಲೈ ಮಳೆಯಲ್ಲಿ, ಮಂಜಿನಲ್ಲಿ ಇಳಿದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಬ್ರೇಕಿನ ಕೆಂಪು ದೀಪ ಬಂದು, ಹ್ಯಾಂಡ್ ಬ್ರೇಕ್ ಇಳಿಸಿದರೂ ಹೋಗದಿದ್ದರೆ ಘಾಟಿ ಇಳಿಯುವ ಯೋಚನೆಯನ್ನೇ ಬಿಡಿ.

ಡೀಸೆಲ್ ಗಾಡಿಯವರ ಕಷ್ಟ ಬೇರೆ. 2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಬಿಎಸ್-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಲು ಎಂಜಿನ್ ಚೆನ್ನಾಗಿ ಬಿಸಿಯಾಗಿ, ಸ್ವಲ್ಪ ಹೊತ್ತು ಒಂದೇ ಹದದ ವೇಗದಲ್ಲಿ ಓಡಬೇಕು. ತೋಟದಿಂದ ಪೇಟೆ, ಪೇಟೆಯಿಂದ ತೋಟ, ಎರಡನೇ ಗೇರಿನಲ್ಲೇ ಓಡುವ ನಮ್ಮ ಗಾಡಿಗಳಿಗೆ ಆ ಅವಕಾಶ ಸಿಗುವುದು ಕಡಿಮೆ. ಅದರ ಮೇಲೆ ಸರ್ವಿಸಿನಲ್ಲಿ ಡಿಪಿಎಫ್‌ಗೆ ಹೊಂದದ ಆಯಿಲ್ ಹಾಕಿದರೆ, ಅದರ ಬೂದಿ ಫಿಲ್ಟರಿನಲ್ಲೇ ಕೂರುತ್ತದೆ. ಮಸಿ ಸುಡುತ್ತೆ, ಬೂದಿ ಸುಡಲ್ಲ. ಬಿಲ್ಲಿನಲ್ಲಿ ಬರೀ "ಎಂಜಿನ್ ಆಯಿಲ್" ಅಂತ ಇದ್ದರೆ ಸಾಲದು, ಯಾವ ಗ್ರೇಡು ಅಂತ ಬರೆಸಿಕೊಳ್ಳಿ.

ಇಲಿಯ ಮಾತನ್ನೂ ಹೇಳಬೇಕು, ಯಾಕೆಂದರೆ ಸರ್ವಿಸ್ ಸೆಂಟರಿನವರಿಗೆ ಮಲೆನಾಡಿನ ಗಾಡಿ ಅಂದ ಕೂಡಲೇ ಮೊದಲು ಇಲಿಯೇ ನೆನಪಾಗುತ್ತದೆ. ಕೊಟ್ಟಿಗೆ ಪಕ್ಕ ನಿಲ್ಲಿಸಿದ ಕಾರಿನಲ್ಲಿ ಇಲಿ, ಹೆಗ್ಗಣ ವೈರು ಕಡಿಯುವುದು ನಿಜ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಗೂಡು ಕಟ್ಟುತ್ತವೆ. ಆದರೆ ಇಲಿ ಕಡಿದಿದ್ದರೆ ಕಡಿದ ವೈರು ಇರುತ್ತದೆ. ಅದರ ಫೋಟೊ ತೋರಿಸಲಿ. ನೋಡದೆ ಇಲಿಯ ಮೇಲೆ ಹಾಕುವುದು ಬೇಡ. ಹಾಗೆಯೇ ಎಂಜಿನ್ ಭಾಗಕ್ಕೆ ಪ್ರೆಶರ್ ಪೈಪಿನಲ್ಲಿ ನೀರು ಹೊಡೆಯುವುದನ್ನು ದಯವಿಟ್ಟು ನಿಲ್ಲಿಸಿ. ಸಾಕೆಟ್ಟುಗಳೊಳಗೆ ಸೇರಿದ ನೀರು ನಮ್ಮ ಥಂಡಿಯಲ್ಲಿ ಬೇಗ ಒಣಗುವುದಿಲ್ಲ. ಎಂಜಿನ್ ಹೊಳೆಯಬೇಕು ಅಂತ ಯಾವ ಗಿರಾಕಿಯೂ ಕೇಳಿರುವುದಿಲ್ಲ.

ನಮ್ಮ ದೇಶದಲ್ಲಿ ಕಾರುಗಳಿಗೆ ಈ ಸ್ವಯಂ ತಪಾಸಣೆಯ ವ್ಯವಸ್ಥೆಯ ಮೊದಲ ಹಂತ ಕಡ್ಡಾಯವಾದದ್ದು 2010ರಲ್ಲಿ, ಎರಡನೆಯದು 2013ರಲ್ಲಿ. ಅಮೆರಿಕದಲ್ಲಿ ಈ ಎರಡನೆಯ ಹಂತ 1996ರಿಂದಲೇ ಇದೆ. ಪಿ-0171 ಅಂದರೆ ಬೇರೆ ಬೇರೆ ಕಂಪನಿಯ ಕಾರುಗಳಲ್ಲೂ ಒಂದೇ ಅರ್ಥ. ಇದರ ಉದ್ದೇಶವೇ ಗಾಡಿ ಯಾವ ಮೆಕ್ಯಾನಿಕ್ ಕೈಗೆ ಹೋದರೂ ಅವರು ಓದಬೇಕು ಅನ್ನುವುದು. ಹೀಗಿರುವಾಗ ಕೋಡನ್ನು ಗಾಡಿಯ ಯಜಮಾನರಿಗೇ ಹೇಳದಿರುವುದು ನನಗೆ ಅರ್ಥವಾಗುವುದಿಲ್ಲ. ಬ್ಲೂಟೂತ್ ಮೂಲಕ ಮೊಬೈಲಿಗೆ ಕೋಡ್ ತೋರಿಸುವ ಸಣ್ಣ ಸಾಧನ ಈಗ ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ನಾನೂ ಒಂದು ತರಿಸಿಕೊಂಡಿದ್ದೇನೆ. ಆದರೆ ಕೋಡ್ ಅಂದರೆ ರೋಗದ ಹೆಸರಲ್ಲ, ಲಕ್ಷಣ ಮಾತ್ರ. ಕಾರಣ ಹುಡುಕಲು ಅನುಭವದ ಕೈ ಬೇಕು. ಆ ಕೈಗೇ ನಾವು ದುಡ್ಡು ಕೊಡುವುದು.

ಸರ್ವಿಸ್ ಸೆಂಟರಿನ ಹುಡುಗರನ್ನು ದೂರಲು ನನಗೆ ಮನಸ್ಸಿಲ್ಲ. ಮೇ ತಿಂಗಳ ಕೊನೆಯಲ್ಲಿ ಅಲ್ಲಿ ಗಾಡಿಗಳ ಸಾಲು ನೋಡಿದ್ದೇನೆ. ಸಂಜೆ ಐದಕ್ಕೆ ಎಲ್ಲ ಗಾಡಿ ಹೊರಗೆ ಹೋಗಬೇಕು ಅಂತ ಮೇಲಿನವರು ನಿಂತಿರುತ್ತಾರೆ. ಕ್ಲಾಂಪ್ ಕೆಳಗೆ ಬೆರಳು ಹಾಕಿ ನೋಡಲು ಅವರಿಗೆ ಒಂದು ನಿಮಿಷ ಕೊಡಬೇಕಾದವರು ಮಾಲೀಕರು, ಮ್ಯಾನೇಜರುಗಳು. ಗಾಡಿ ಕೊಡುವ ಮುಂಚೆ ಸ್ಕ್ಯಾನರ್ ಹಾಕಿ, ದೀಪ ಇನ್ನೂ ಹತ್ತದ, ಒಳಗೇ ಗುರುತಾಗಿರುವ ಕೋಡ್ ಏನಾದರೂ ಇದೆಯೇ ಅಂತ ನೋಡುವ ಕ್ರಮ ಇಡಬೇಕಾದವರೂ ಅವರೇ. ಅದರಲ್ಲೂ 60, 80 ಕಿಲೋಮೀಟರ್ ದೂರದ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವ ಗಾಡಿಗಳಿಗೆ ಇದು ಬೇಕೇ ಬೇಕು. ನಾವು ನಾಳೆ ಬನ್ನಿ ಅಂದರೆ ಬರುವಷ್ಟು ಹತ್ತಿರ ಇಲ್ಲ.

ಓದುಗರಿಗೂ ಒಂದೆರಡು ಮಾತು. ಸರ್ವಿಸ್ ಆದ ಮೇಲೆ ದೀಪ ಬಂದರೆ ಡ್ಯಾಶ್‌ಬೋರ್ಡಿನ ಫೋಟೊ ತೆಗೆದಿಟ್ಟುಕೊಳ್ಳಿ, ಕಿಲೋಮೀಟರ್ ಅಂಕಿಯೂ ಕಾಣುವ ಹಾಗೆ. ಎಂಜಿನ್ ತಣ್ಣಗಾದ ಮೇಲೆ ಬಾನೆಟ್ ತೆಗೆದು ಆಯಿಲ್ ಮುಚ್ಚಳ, ಆಯಿಲ್ ಕಡ್ಡಿ ಪೂರ್ತಿ ಕೂತಿವೆಯೇ, ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ಪುಗಳು ಹಾಕಿವೆಯೇ, ಯಾವುದಾದರೂ ಪೈಪೋ ಸಾಕೆಟ್ಟೋ ನೇತಾಡುತ್ತಿದೆಯೇ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ. ಸರ್ವಿಸ್ ಸೆಂಟರಿಗೆ ಹೋದರೆ ಅಳಿಸುವ ಮೊದಲೇ ಕೋಡ್ ಕೇಳಿ, ಸ್ಕ್ಯಾನರ್ ಪರದೆಯ ಫೋಟೊ ತೆಗೆದುಕೊಳ್ಳಿ. ಮತ್ತೆ ಹೊಸ ಜಾಬ್ ಕಾರ್ಡ್ ಮಾಡಿಸಿ, "ಸರ್ವಿಸ್ ಆದ ಮೇಲೆ ದೀಪ ಬಂದಿದೆ" ಅಂತ ಅದರಲ್ಲಿ ಬರೆಸಿ. ಬಾಯಿ ಮಾತಿಗೆ ಆಮೇಲೆ ಲೆಕ್ಕ ಇರುವುದಿಲ್ಲ. ಅವರು ಸ್ಪಂದಿಸದೇ ಹೋದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಕೊರತೆಯಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಸೇವೆಗೆ ಕೊಟ್ಟ ದುಡ್ಡು 5 ಲಕ್ಷ ರೂಪಾಯಿವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ. ಅಲ್ಲಿಯವರೆಗೆ ಹೋಗುವ ಮನಸ್ಸು ನನಗಿಲ್ಲ. ನಮ್ಮೂರಿನ ಜನ ಕೆಲಸ ಮಾಡುವ ಜಾಗ, ಮಾತಿನಲ್ಲೇ ಸರಿಹೋಗಲಿ.

ತೀರ್ಥಹಳ್ಳಿಯ ಮೆಕ್ಯಾನಿಕ್ ಕೊಟ್ಟ ಚೀಟಿಯ ನಕಲನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. "ಪಿ-0171. ಏರ್ ಪೈಪ್ ಕೆಳಗೆ ಲೀಕ್. ಕ್ಲಾಂಪ್ ಸರಿ ಮಾಡಿದೆ. ಸೆನ್ಸರ್ ಓಕೆ" ಅಂತ ಅಷ್ಟೇ ಇದೆ. ಇಷ್ಟನ್ನು ಬರೆದುಕೊಡಲು ಶಿವಮೊಗ್ಗದ ಸರ್ವಿಸ್ ಸೆಂಟರುಗಳಿಗೆ ಏನು ಅಡ್ಡಿ ಇದೆ ಅನ್ನುವುದನ್ನು ಅಲ್ಲಿನ ಮ್ಯಾನೇಜರುಗಳು ಯಾರಾದರೂ ಇದೇ ಅಂಕಣದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ. ಈಗಾಗಲೇ ಬರೆದುಕೊಡುತ್ತಿರುವವರು ಇದ್ದರೆ ಅವರೂ ತಿಳಿಸಲಿ, ನಮ್ಮ ಕಡೆಯವರೆಲ್ಲ ಮುಂದಿನ ಸರ್ವಿಸಿಗೆ ಅಲ್ಲಿಗೇ ಹೋಗುತ್ತೇವೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಗುಡ್ಡೇಕೇರಿ ಸಮೀಪ, ತೀರ್ಥಹಳ್ಳಿ ತಾಲ್ಲೂಕು